ಅರ್ಧಕ್ಕೆ ಬಿಟ್ಟ ಬಿಲ್

ಮಂಗಳವಾರ, 14 ಅಕ್ಟೋಬರ್ 2025, ರಾತ್ರಿ

ಶುಕ್ರವಾರ ನಮ್ಮ ಹೊಸ ಬಿಲ್ ಸಾಫ್ಟ್‌ವೇರ್‌ನ ಡೆಮೊ. ತೋರಿಸುವುದಕ್ಕೆ ಚಂದದ ಸ್ಕ್ರೀನ್‌ಗಳು ಸಿದ್ಧವಾಗಿವೆ. ಅವನ್ನು ತೋರಿಸುವ ಮನಸ್ಸು ಮಾತ್ರ ಮಧ್ಯಾಹ್ನದಿಂದ ನನಗಿಲ್ಲ.

ಕಾರಣ ಅಕೌಂಟ್ಸ್ ಮೇಡಂ ಆಡಿದ ಒಂದು ಮಾತು. ಹಳೇ ಸಾಫ್ಟ್‌ವೇರ್‌ನಲ್ಲಿ ಒಂದು ಬಿಲ್ ಮುಗಿಸಲು ಎಷ್ಟು ಕ್ಲಿಕ್ ಬೇಕು ಅಂತ ಅವರ ಪಕ್ಕ ಕುಳಿತು ಎಣಿಸುತ್ತಿದ್ದೆ. ನಮ್ಮ ಮ್ಯಾನೇಜರ್‌ಗೆ ಆ ಲೆಕ್ಕ ಬೇಕು. ಹೊಸದರಲ್ಲಿ ಅರ್ಧಕ್ಕೆ ಇಳಿಸಿದ್ದೇವೆ ಅಂತ ಸ್ಲೈಡ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಬೇಕಂತೆ. ನಾನು ಪುಸ್ತಕದಲ್ಲಿ ಗೀಟು ಎಳೆಯುವುದನ್ನು ಮೇಡಂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದರು:

"ಕ್ಲಿಕ್ ಜಾಸ್ತಿ ಆಯ್ತು ಅಂತ ನಾನು ಯಾವತ್ತಾದ್ರೂ ಹೇಳಿದ್ದೀನಾ?"

ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

"ಮತ್ತೆ ಕಷ್ಟ ಎಲ್ಲಿ ಮೇಡಂ?"

"ಎಲ್ಲಿದ್ದೆ ಅನ್ನೋದೇ ಮರೆತುಹೋಗುತ್ತೆ ಕಣಮ್ಮಾ. ಅದೇ ಕಷ್ಟ."

ಅಷ್ಟರಲ್ಲಿ ಅವರ ಫೋನ್ ರಿಂಗ್ ಆಯಿತು. ಅವರು ಹೇಳಿದ್ದು ಏನು ಅಂತ ನನಗೆ ಕಣ್ಣಾರೆ ಕಂಡಿತು.

ಅವರು ಒಂದು ಬಿಲ್‌ನ ನಡುವೆ ಇದ್ದರು. ಫೋನ್ ಮಾಡಿದ್ದು ಬೇರೆ ಸಪ್ಲೈಯರ್. ನಮ್ಮ ದುಡ್ಡು ಯಾವಾಗ ಬರುತ್ತೆ ಅಂತ. ಉತ್ತರ ಹುಡುಕಬೇಕಾದರೆ ಈ ಸ್ಕ್ರೀನ್ ಬಿಡಬೇಕು. ಬಿಟ್ಟರೆ 'ಸೇವ್ ಆಗದ ಮಾಹಿತಿ ಅಳಿಸಿಹೋಗುತ್ತದೆ' ಅಂತ ಹೆದರಿಸುತ್ತದೆ. ಸೇವ್ ಮಾಡೋಣ ಅಂದರೆ, ಎಲ್ಲ ಕಾಲಂ ತುಂಬಿಲ್ಲ ಅಂತ ಕೆಂಪು ಗೆರೆ ಎಳೆಯುತ್ತದೆ. ಇನ್ನೊಂದು ಕಿಟಕಿ ತೆರೆಯೋಣ ಅಂದರೆ, ನೀವು ಈಗಾಗಲೇ ಲಾಗಿನ್ ಆಗಿದ್ದೀರಿ, ಮೊದಲನೆಯದನ್ನು ಮುಚ್ಚಲೇ ಅಂತ ಕೇಳುತ್ತದೆ. ಮೇಡಂ ಇದ್ಯಾವುದನ್ನೂ ಮಾಡಲಿಲ್ಲ. ಬದಿಯಲ್ಲಿ ತೆರೆದಿಟ್ಟಿದ್ದ ಎಕ್ಸೆಲ್ ಶೀಟ್‌ಗೆ ಹೋದರು, ಹೆಸರು ಹುಡುಕಿದರು, "ಸರ್, ನಿಮ್ಮ ಬಿಲ್ ರೇಟ್ ವ್ಯತ್ಯಾಸಕ್ಕೆ ನಿಂತಿದೆ, ಪರ್ಚೇಸ್‌ನವರು ಒಪ್ಪಿದ ಮೇಲೆ ಮುಂದಕ್ಕೆ ಹೋಗುತ್ತೆ, ಗುರುವಾರ ಮಾಡಿ" ಅಂದು ಫೋನ್ ಇಟ್ಟರು. ಶೀಟ್‌ನಲ್ಲಿ ಏನನ್ನೋ ಟೈಪ್ ಮಾಡಿದರು. ವಾಪಸ್ ಬಿಲ್‌ಗೆ ಬಂದರು. ಸೆಷನ್ ಮುಗಿದಿತ್ತು. ಮತ್ತೆ ಮೊದಲಿಂದ.

ಬೈಯಲೂ ಇಲ್ಲ ಅವರು. ನನಗೆ ಅದೇ ಜಾಸ್ತಿ ಚುಚ್ಚಿತು.

ಎಕ್ಸೆಲ್ ತೋರಿಸ್ತೀರಾ ಅಂದೆ. ಮೊದಲು ಹಿಂಜರಿದರು. ಎಲ್ಲವನ್ನೂ ಸಿಸ್ಟಮ್‌ನಲ್ಲೇ ಮಾಡಬೇಕು, ಹೊರಗೆ ಲೆಕ್ಕ ಇಡಬಾರದು ಅಂತ ಹಿಂದೆ ಒಂದು ಮೇಲ್ ಬಂದಿತ್ತು. ಹಾಗಾಗಿ ಆ ಶೀಟ್ ಬಗ್ಗೆ ಯಾವ ಮೀಟಿಂಗ್‌ನಲ್ಲೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಏನು ಬೇಕು ಹೇಳಿ ಅಂತ ನಾವು ಫಾರಂ ಕಳಿಸಿದ್ದೆವು. ಬಂದ ಉತ್ತರಗಳು ಏನು? 'ವೇಗ ಬೇಕು', 'ಸುಲಭ ಇರಬೇಕು', 'ಅಕ್ಷರ ದೊಡ್ಡದು ಮಾಡಿ'. ಶೀಟ್‌ನಲ್ಲಿದ್ದದ್ದು ಪೂರ್ತಿ ಬೇರೆ. ಬಿಲ್ ನಂಬರ್, ಸಪ್ಲೈಯರ್, ಮೊತ್ತ ಎಲ್ಲ ನಮ್ಮ ಡೇಟಾಬೇಸ್‌ನಲ್ಲೂ ಇವೆ. ಆದರೆ ಕೊನೆಯ ಎರಡು ಕಾಲಂ ನಮ್ಮಲ್ಲಿ ಎಲ್ಲೂ ಇಲ್ಲ. ಒಂದರ ತಲೆಬರಹ 'ಯಾರ ಹತ್ರ ನಿಂತಿದೆ'. ಇನ್ನೊಂದು 'ನಾನು ಏನು ಹೇಳಿದ್ದೆ'.

"ಇದು ಯಾಕೆ ಮೇಡಂ, ನಾನು ಏನು ಹೇಳಿದ್ದೆ ಅಂತ?"

"ಗುರುವಾರ ಮಾಡಿ ಅಂತ ಈಗ ಹೇಳಿದೆನಲ್ಲ. ಗುರುವಾರ ಅವರು ಮಾಡ್ತಾರೆ. ನಾನು ಮರೆತು ಸೋಮವಾರ ಅಂದುಬಿಟ್ರೆ? ನಾನು ರಜಾ ಹಾಕಿದ ದಿನ ಬೇರೆಯವರು ಫೋನ್ ತಗೊಂಡು ಇನ್ನೇನೋ ಅಂದ್ರೆ? ಮಾತು ಹೋಗುತ್ತಲ್ಲಮ್ಮಾ."

ನಮ್ಮ ಸಾಫ್ಟ್‌ವೇರ್‌ಗೆ ಬಿಲ್ ಗೊತ್ತು. ಆ ಬಿಲ್ ಬಗ್ಗೆ ಕೊಟ್ಟ ಮಾತು ಗೊತ್ತಿಲ್ಲ. ಅವರ ದಿನದ ಅರ್ಧ ಆ ಮಾತು ಉಳಿಸಿಕೊಳ್ಳುವುದರಲ್ಲೇ ಹೋಗುತ್ತದೆ.

ಹೊರಗಿನವರಿಗೆ ಈ ಕೆಲಸ ಸುಮ್ನೆ ಡೇಟಾ ಎಂಟ್ರಿ ಅನಿಸಬಹುದು. ಪಿಒ ಅಂದರೆ ನಾವು ಕೇಳಿದ್ದು. ಜಿಆರ್‌ಎನ್ ಅಂದರೆ ಸ್ಟೋರ್ಸ್‌ಗೆ ನಿಜವಾಗಿ ಬಂದದ್ದರ ದಾಖಲೆ. ಬಿಲ್ ಅಂದರೆ ಸಪ್ಲೈಯರ್ ಕೇಳುತ್ತಿರುವ ದುಡ್ಡು. ಮೂರೂ ತಾಳೆಯಾದರೆ ಪೇಮೆಂಟ್. ಕೇಳಲು ಇಷ್ಟೇ. ಆದರೆ 100 ಕೇಳಿದ್ದಕ್ಕೆ 60 ಬಂದಿರುತ್ತದೆ, ಬಿಲ್ ಮಾತ್ರ 100ಕ್ಕೆ ಬಂದಿರುತ್ತದೆ. ಅಥವಾ ಮಾಲು ಬಂದು ಗೋದಾಮಿನಲ್ಲಿ ಕೂತಿರುತ್ತದೆ, ಸ್ಟೋರ್ಸ್‌ನವರು ಇನ್ನೂ ಜಿಆರ್‌ಎನ್ ಹಾಕಿರುವುದಿಲ್ಲ. ತಾಳೆಯಾಗುವ ಬಿಲ್‌ಗಳಿಗೆ ಮನುಷ್ಯರೇ ಬೇಡ. ಮೇಡಂ ಕುಳಿತಿರುವುದೇ ತಾಳೆಯಾಗದವುಗಳಿಗಾಗಿ. ನಮ್ಮ ಸ್ಕ್ರೀನ್ ಇರುವುದು ಮಾತ್ರ ತಾಳೆಯಾಗುವವುಗಳಿಗೆ! ತಾಳೆಯಾಗದಿದ್ದರೆ 'ಎಚ್2' ಅಂತ ಒಂದು ಕೋಡ್ ತೋರಿಸಿ ಸುಮ್ಮನಾಗುತ್ತದೆ. ಎಚ್2 ಅಂದರೆ ರೇಟ್ ವ್ಯತ್ಯಾಸ, ಎಚ್4 ಅಂದರೆ ಸಂಖ್ಯೆ ವ್ಯತ್ಯಾಸ. ಅದು ಬರೆದಿರುವುದು ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಯಲ್ಲಿ.

ಆ ಚೀಟಿಗಳ ಫೋಟೋ ತೆಗೆದುಕೊಂಡು ಬಂದಿದ್ದೇನೆ. ನಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ಗಿಂತ ಅದರಲ್ಲಿ ಜಾಸ್ತಿ ವಿಷಯ ಇದೆ, ಇದು ತಮಾಷೆಗೆ ಹೇಳಿದ್ದಲ್ಲ.

ಸಂಜೆ ಮ್ಯಾನೇಜರ್ ಹತ್ತಿರ ಹೇಳಿದೆ. ಒಳ್ಳೆಯವರೇ, ಕೇಳಿಸಿಕೊಂಡರು. ಆಮೇಲೆ, "ಸರಿ, ಹಾಗಾದ್ರೆ ಯಾರೂ ಬಳಸದ ಬಟನ್‌ಗಳನ್ನೆಲ್ಲ ಅಡಗಿಸಿಬಿಡೋಣ, ಗೊಂದಲ ಕಡಿಮೆ ಆಗುತ್ತೆ" ಅಂದರು. ಇದು ಹಳೇ ಆಸೆ. ಮೈಕ್ರೋಸಾಫ್ಟ್‌ನವರೇ ಮಾಡಿ ನೋಡಿದ್ದರು. ಆಫೀಸ್ 2000ದಲ್ಲಿ ನೀವು ಹೆಚ್ಚು ಬಳಸುವ ಆಜ್ಞೆಗಳು ಮಾತ್ರ ಮೆನುವಿನಲ್ಲಿ ಕಾಣುತ್ತಿದ್ದವು. ಉಳಿದವು ಕೆಳಗಿನ ಜೋಡಿ ಬಾಣದ ಹಿಂದೆ. ಮೆನು ಚಿಕ್ಕದಾಯಿತು ನಿಜ. ಆದರೆ ನಿನ್ನೆ ಇದ್ದದ್ದು ಇವತ್ತು ಇದ್ದ ಜಾಗದಲ್ಲಿ ಇಲ್ಲ. ಜನ ಹುಡುಕಿ ಹುಡುಕಿ ಸುಸ್ತಾದರು. ಕೊನೆಗೆ 2007ರಲ್ಲಿ ಆ ಮೆನುಗಳನ್ನೇ ಕಿತ್ತು ರಿಬ್ಬನ್ ತಂದರು. ವರ್ಡ್ 2003ರಲ್ಲಿ ಜನ ಕೊಡುವ ಆಜ್ಞೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಬರೀ ಐದೇ ಆಗಿದ್ದವಂತೆ: ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್. ಮ್ಯಾನೇಜರ್‌ಗೆ ಈ ಲೆಕ್ಕ ಹೇಳಿದರೆ, "ನೋಡಿ, ಐದು ಸಾಕು!" ಅಂತ ಖುಷಿಪಟ್ಟರು. ಉಳಿದ ಎರಡು ಭಾಗ ಎಲ್ಲಿಗೆ ಹೋಯಿತು ಸ್ವಾಮಿ?

ಕಡಿಮೆ ಬಳಕೆ ಅಂದರೆ ಬೇಡವಾದದ್ದು ಅಂತಲ್ಲ. ಬಿಲ್ ವಾಪಸ್ ಕಳಿಸುವ ಬಟನ್ ತಿಂಗಳಿಗೆ ಕೆಲವೇ ಸಲ ಬೇಕಾಗುತ್ತದೆ. ಬೇಕಾದಾಗ ಮಾತ್ರ ಕೈ ನಡುಗುತ್ತಿರುತ್ತದೆ.

ಅದಕ್ಕೇ ಮಧ್ಯಾಹ್ನ ಇನ್ನೊಂದು ಮಾತು ಬಂದದ್ದು. ಅವರ ಸ್ಕ್ರೀನ್‌ನ ಮೂಲೆಯಲ್ಲಿ 'ಓವರ್‌ರೈಡ್' ಅಂತ ಒಂದು ಟಿಕ್ ಬಾಕ್ಸ್ ಇದೆ. ಅದನ್ನು ಯಾವತ್ತೂ ಮುಟ್ಟಿಲ್ಲ ಅಂದರು. ಮುಟ್ಟಿದರೆ ಏನಾಗುತ್ತದೆ ಅಂತ ಅವರಿಗೆ ಯಾರೂ ಹೇಳಿಲ್ಲ. ನಾನು ಸಿಟಿಬ್ಯಾಂಕ್ ಕಥೆ ಹೇಳಿದೆ. 2020ರ ಆಗಸ್ಟ್‌ನಲ್ಲಿ ರೆವ್ಲಾನ್ ಕಂಪನಿಯ ಸಾಲದ ಬಡ್ಡಿ ಅಂತ ಅವರು ಆ ಸಾಲ ಕೊಟ್ಟವರಿಗೆ ಸುಮಾರು 78 ಲಕ್ಷ ಡಾಲರ್ ಕಳಿಸಬೇಕಿತ್ತು. ಅಸಲೂ ಸೇರಿ ಸುಮಾರು 90 ಕೋಟಿ ಡಾಲರ್ ಹೊರಗೆ ಹೋಯಿತು. ಅಸಲು ಬ್ಯಾಂಕಿನ ಒಳಗಿನ ಖಾತೆಯಲ್ಲೇ ಉಳಿಯಬೇಕಾದರೆ 'ಪ್ರಿನ್ಸಿಪಲ್', 'ಫ್ರಂಟ್', 'ಫಂಡ್' ಅಂತ ಮೂರು ಕಡೆ ಟಿಕ್ ಹಾಕಬೇಕಿತ್ತು. ಹಾಕಿದ್ದು ಪ್ರಿನ್ಸಿಪಲ್ ಒಂದಕ್ಕೆ. ಅಸಲಿನ ವಿಷಯ ತಾನೇ, ಪ್ರಿನ್ಸಿಪಲ್‌ಗೆ ಟಿಕ್ ಹಾಕಿದರೆ ಆಯಿತು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಒಬ್ಬರು ಎಂಟ್ರಿ ಮಾಡಿದರು, ಎರಡನೆಯವರು ನೋಡಿದರು, ಮೂರನೆಯವರು ಅಪ್ರೂವ್ ಮಾಡಿದರು. ಮೂವರಿಗೂ ಸರಿ ಅನಿಸಿತು. ಹಣ ಬ್ಯಾಂಕಿನಿಂದ ಹೊರಗೆ ಹೋಗುತ್ತದೆ, ಮುಂದುವರಿಯಲೇ ಅಂತ ಎಚ್ಚರಿಕೆಯೂ ಬಂದಿತ್ತು. ಎಷ್ಟು ಹಣ ಅಂತ ಅದರಲ್ಲಿ ಇರಲಿಲ್ಲ. ಬಡ್ಡಿ ಹೇಗೂ ಹೊರಗೆ ಹೋಗಬೇಕಿತ್ತಲ್ಲ, ಹಾಗಾಗಿ ಎಚ್ಚರಿಕೆ ನೋಡಿ ಯಾರೂ ಬೆಚ್ಚಲಿಲ್ಲ.

"ಆಮೇಲೆ ದುಡ್ಡು ಬಂತಾ?"

ಸುಮಾರು 50 ಕೋಟಿ ಡಾಲರ್ ಪಡೆದವರು ವಾಪಸ್ ಕೊಡಲಿಲ್ಲ ಅಂದೆ. 2021ರ ಫೆಬ್ರುವರಿಯಲ್ಲಿ ಕೋರ್ಟ್ ಕೂಡ ಅವರೇ ಇಟ್ಟುಕೊಳ್ಳಬಹುದು ಅಂದಿತು. 2022ರ ಸೆಪ್ಟೆಂಬರ್‌ನಲ್ಲಿ ಮೇಲಿನ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು.

ಮೇಡಂ ಕೋರ್ಟಿನ ವಿಷಯಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಮನಸ್ಸು ಆ ಮೂವರ ಹತ್ತಿರವೇ ನಿಂತಿತ್ತು. "ಎರಡನೆಯವರು ಸ್ಕ್ರೀನ್ ನೋಡಿರಲ್ಲ ಕಣಮ್ಮಾ. ಮೊದಲನೆಯವರು ಹಾಕಿದ್ದಾರಲ್ಲ ಅಂತ ನೋಡಿರ್ತಾರೆ. ಮೂರನೆಯವರು, ಇಬ್ಬರು ನೋಡಿದ್ದಾರಲ್ಲ ಅಂತ." ನಿಜವಾಗಿ ಹಾಗೇ ಆಗಿತ್ತೋ ಇಲ್ಲವೋ, ನಮ್ಮ ಆಫೀಸಿನಲ್ಲಿ ಅಪ್ರೂವಲ್ ನಡೆಯುವುದಂತೂ ಹೀಗೇ. ನಾವು ಹೊಸ ಸ್ಕ್ರೀನ್‌ನಲ್ಲಿ ಅಪ್ರೂವಲ್‌ಗೆ ಇನ್ನೊಂದು ಹಂತ ಸೇರಿಸಿದ್ದೇವೆ. ಸುರಕ್ಷತೆಗೆ. ಈಗ ಅದರ ಬದಲು ಒಂದು ಪೂರ್ತಿ ವಾಕ್ಯ ಬರೆಯೋಣ ಅನಿಸುತ್ತಿದೆ. 'ಇಷ್ಟು ದುಡ್ಡು, ಇಂಥವರಿಗೆ, ಇಂಥ ದಿನ ಹೋಗುತ್ತದೆ. ಪಿಒಗಿಂತ ಇಷ್ಟು ಜಾಸ್ತಿ ಇದೆ.' ಒತ್ತುವ ಬಟನ್ ಮೇಲೂ 'ಓಕೆ' ಬೇಡ, ಮೊತ್ತವೇ ಇರಲಿ.

ಬಸವಳಿದಿದ್ದೇನೆ. ಆದರೂ ವಿಝರ್ಡ್ ಬಗ್ಗೆ ಬರೆಯದೆ ಮಲಗುವುದಿಲ್ಲ.

ನಮ್ಮ ಹುಡುಗರು ಕಟ್ಟಿರುವ ಹೊಸ ಸ್ಕ್ರೀನ್ ಒಂದು ವಿಝರ್ಡ್. ಒಂದೊಂದೇ ಹಂತ, ಪ್ರತಿ ಹಂತಕ್ಕೂ 'ಮುಂದೆ' ಬಟನ್, ಮೇಲೆ ಹಸಿರು ಗೆರೆ ತುಂಬುತ್ತಾ ಹೋಗುತ್ತದೆ. ನೋಡಲು ಸೊಗಸು. ಹೊಸದಾಗಿ ಸೇರಿದವರಿಗೆ ನಿಜಕ್ಕೂ ಅನುಕೂಲ. ಆದರೆ ಮೇಡಂ ಮೌಸ್ ಮುಟ್ಟುವುದೇ ಅಪರೂಪ. ಅವರು ಕೆಲಸ ಕಲಿತದ್ದು ಕಪ್ಪು ಸ್ಕ್ರೀನ್ ಮೇಲೆ, 24 ಸಾಲು, ಸಾಲಿಗೆ 80 ಅಕ್ಷರ. ಅಲ್ಲಿ ಮುಂದಿನ ಸ್ಕ್ರೀನ್ ಬರುವ ಮೊದಲೇ ಬೆರಳು ಅದರ ಉತ್ತರ ಟೈಪ್ ಮಾಡಿ ಮುಗಿಸಿರುತ್ತಿತ್ತಂತೆ. ಈಗಲೂ ಟ್ಯಾಬ್, ಟ್ಯಾಬ್, ನಂಬರ್, ಟ್ಯಾಬ್, ಎಂಟರ್. ಕಣ್ಣು ಕಾಗದದ ಮೇಲೆ. ವಿಝರ್ಡ್‌ನಲ್ಲಿ ಪ್ರತಿ ಹಂತಕ್ಕೂ ಕಣ್ಣೆತ್ತಿ ನೋಡಬೇಕು. ಕ್ಲಿಕ್ ಲೆಕ್ಕದಲ್ಲಿ ನಾವು ಗೆಲ್ಲುತ್ತೇವೆ, ಅವರ ಮಧ್ಯಾಹ್ನ ಮಾತ್ರ ಉದ್ದವಾಗುತ್ತದೆ.

ಇನ್ನೂ ದೊಡ್ಡ ತೊಂದರೆ ಅಂದರೆ, ವಿಝರ್ಡ್ ಕೂತವರು ಏಳುವುದಿಲ್ಲ ಅಂತ ನಂಬಿದೆ. ಶುರು ಮಾಡಿದರೆ ಮುಗಿಸುತ್ತಾರೆ ಅಂತ. ಹಳೇ ಸ್ಕ್ರೀನ್‌ನ ನಂಬಿಕೆಯೂ ಅದೇ. ಅಂದರೆ ಗೋಡೆಗೆ ಬಣ್ಣ ಬಳಿದಿದ್ದೇವೆ, ಬಾಗಿಲು ಇದ್ದಲ್ಲೇ ಇದೆ.

ಬೇಕಾಗಿರುವುದು ನನ್ನ ಪ್ರಕಾರ ಮೂರೋ ನಾಲ್ಕೋ ವಿಷಯ, ಯಾವುದೂ ಡೆಮೊದಲ್ಲಿ ಮಿಂಚುವಂಥದ್ದಲ್ಲ. ಸಪ್ಲೈಯರ್ ಹೆಸರಿನ ಎರಡು ಅಕ್ಷರ ಹೊಡೆದರೆ ಅವರ ಎಲ್ಲ ಬಿಲ್, ಪ್ರತಿಯೊಂದೂ ಯಾರ ಹತ್ತಿರ ಯಾಕೆ ನಿಂತಿದೆ ಅಂತ ಮಾತಿನಲ್ಲಿ, ಮಾಡುತ್ತಿರುವ ಕೆಲಸ ಬಿಡದೆ ಪಕ್ಕದಲ್ಲೇ ಕಾಣಬೇಕು. ಫೋನಿನಲ್ಲಿ ಹೇಳಿದ್ದನ್ನು ಒಂದು ಸಾಲು ಬರೆದಿಡಲು ಅಲ್ಲೇ ಜಾಗ ಬೇಕು. ಟ್ಯಾಬ್ ಕೀ ಹೋಗುವ ದಾರಿ ಕಾಗದದ ಬಿಲ್ ಓದುವ ಕ್ರಮದಲ್ಲಿರಬೇಕು, ಡೇಟಾಬೇಸ್ ಟೇಬಲ್‌ಗಳ ಕ್ರಮದಲ್ಲಲ್ಲ. ಮತ್ತೆ 'ಬದಿಗಿಡು' ಅಂತ ಒಂದು ಬಟನ್. ಎಷ್ಟು ತುಂಬಿದೆಯೋ ಅಷ್ಟನ್ನೇ ಇಟ್ಟುಕೊಳ್ಳಬೇಕು, ತಕರಾರು ಮಾಡಬಾರದು, ವಾಪಸ್ ಬಂದರೆ ಬಿಟ್ಟ ಕಾಲಂನಲ್ಲೇ ಕರ್ಸರ್ ಇರಬೇಕು.

ಈ 'ಬದಿಗಿಡು' ಹೇಳುವಾಗ ಮೇಡಂ ಮುಖ ಅರಳಿತ್ತು. ನನಗೂ ಖುಷಿಯಾಗಿತ್ತು. ಈಗ ಕೂತು ಯೋಚಿಸಿದರೆ ಅದರಲ್ಲೇ ಎಲ್ಲ ಗಂಟು. ಬದಿಗಿಟ್ಟ ಬಿಲ್ ಸಿಸ್ಟಮ್‌ಗೆ ಬಂದಿದೆಯೋ ಇಲ್ಲವೋ? ಬಂದಿಲ್ಲ ಅಂದರೆ, ಅದೇ ಬಿಲ್ ಮೇಲ್‌ನಲ್ಲಿ ಇನ್ನೊಂದು ಸಲ ಬಂದು ಬೇರೆಯವರು ಎಂಟ್ರಿ ಮಾಡಿದರೆ ಹಿಡಿಯುವವರು ಯಾರು? ಎರಡು ಸಲ ದುಡ್ಡು ಹೋಗುತ್ತದೆ. ಬಂದಿದೆ ಅಂದರೆ, ತಿಂಗಳ ಕೊನೆಯಲ್ಲಿ ಕೊಡಬೇಕಾದ ಬಾಕಿಯ ಲೆಕ್ಕಕ್ಕೆ ಅದನ್ನು ಸೇರಿಸಬೇಕಾ, ಮೊತ್ತದ ಕಾಲಮೇ ಖಾಲಿ ಇದ್ದರೆ ಎಷ್ಟು ಅಂತ ಸೇರಿಸುವುದು? ಬದಿಗಿಟ್ಟವರು ರಜಾ ಹಾಕಿದರೆ ಇನ್ನೊಬ್ಬರು ಅದನ್ನು ತೆಗೆದು ಮುಂದುವರಿಸಬಹುದಾ, ಮುಂದುವರಿಸಿದರೆ ಎಂಟ್ರಿ ಯಾರದ್ದು, ಆಡಿಟ್‌ನವರು ಯಾರನ್ನು ಕೇಳಬೇಕು?

ಬಹುಶಃ ಸಪ್ಲೈಯರ್ ಹೆಸರು ಮತ್ತು ಬಿಲ್ ನಂಬರ್ ಎರಡನ್ನು ಮಾತ್ರ ಕಡ್ಡಾಯ ಮಾಡಬಹುದು. ಅಷ್ಟಿದ್ದರೆ ಡೂಪ್ಲಿಕೇಟ್ ಸಿಕ್ಕಿಬೀಳುತ್ತದೆ. ಬಾಕಿ ಲೆಕ್ಕಕ್ಕೆ ಜಿಆರ್‌ಎನ್ ಮೊತ್ತ ತೆಗೆದುಕೊಂಡರೆ ಆದೀತು, ಮಾಲು ಬಂದಿದೆ ತಾನೇ. ಆದರೆ ಜಿಆರ್‌ಎನ್ ಹಾಕದ ಮಾಲು? ಸ್ಟೋರ್ಸ್ ಸರ್ ನಾಳೆ ಬೆಳಿಗ್ಗೆ ಬೇಗ ಬರುತ್ತಾರೆ, ಅವರು ಡೆಸ್ಕ್ ಬಿಟ್ಟು ಗೋದಾಮಿಗೆ ಇಳಿಯುವ ಮುಂಚೆ ಹಿಡಿಯಬೇಕು. ಅವರ ಹತ್ತಿರವೂ ಒಂದು ಎಕ್ಸೆಲ್ ಇದ್ದೇ ಇರುತ್ತದೆ, ಅದರ ಕೊನೆಯ ಕಾಲಂ ಏನು ಅಂತ ಗೊತ್ತಾದರೆ