ಚರಂಡಿ ಇಂಜಿನಿಯರ್ ಕಟ್ಟಿದ ಸ್ಮಶಾನ

18 ಮೇ 2025, ಭಾನುವಾರ, ಲಂಡನ್

ಮಧ್ಯಾಹ್ನ ಮೇನರ್ ಪಾರ್ಕ್ ಕಡೆಯ ಸಿಟಿ ಆಫ್ ಲಂಡನ್ ಸ್ಮಶಾನಕ್ಕೆ ಹೋಗಿದ್ದೆ. "ಸುಡುಗಾಡಿಗೆ ಯಾರಾದ್ರೂ ಸುಮ್ನೆ ಸುತ್ತಾಡೋಕೆ ಹೋಗ್ತಾರೇನೋ?" ಅಂತ ಅಮ್ಮ ಫೋನಲ್ಲೇ ಬೈದರು. ಇಲ್ಲಿ ಹೋಗುತ್ತಾರಮ್ಮ. ಸುಮಾರು 200 ಎಕರೆ, ದೊಡ್ಡ ದೊಡ್ಡ ಮರಗಳು, ದಾರಿಯುದ್ದಕ್ಕೂ ರೋಡೋಡೆಂಡ್ರನ್ ಹೂವು.

ಇದನ್ನು ವಿನ್ಯಾಸ ಮಾಡಿದ್ದು ವಿಲಿಯಂ ಹೇವುಡ್, ಲಂಡನ್ ಸಿಟಿಯ, ಅಂದರೆ ಲಂಡನ್ನಿನ ಹಳೇ ನಡುಭಾಗದ, ಚರಂಡಿಗಳ ಇಂಜಿನಿಯರ್. 1849ರ ಕಾಲರಾ ಹೊತ್ತಿಗೆ ಸಿಟಿಯ ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗವೇ ಉಳಿದಿರಲಿಲ್ಲ. ಊರಾಚೆ ಹೊಸ ಸ್ಮಶಾನ ಬೇಕು ಅಂತ ಆರೋಗ್ಯಾಧಿಕಾರಿ ಜಾನ್ ಸೈಮನ್ ಪಟ್ಟು ಹಿಡಿದರು. 1856ರಲ್ಲಿ ಇದು ಶುರುವಾಯಿತು.

ಚರಂಡಿಯವನ ಕೈ ಎಲ್ಲೆಲ್ಲೂ ಕಾಣುತ್ತದೆ. ನೀರು ಇಂಗುವ ಗರಸು ಮಣ್ಣು. ಹಳೇ ಕೆರೆಯೊಂದನ್ನು ಬರಿದು ಮಾಡಿ, ಅದರ ದಂಡೆಗೆ ಒರಗಿಸಿ ಶವದ ಗೂಡುಗಳನ್ನು ಕಟ್ಟಿದ್ದಾನೆ. ಜನ ಅದನ್ನು ಅಷ್ಟಾಗಿ ಒಪ್ಪಲಿಲ್ಲ. ಆಮೇಲೆ ಚಿತಾಭಸ್ಮ ಇಡೋಕೆ ಬಳಸಿದರು. ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದ ಆಂಗ್ಲಿಕನ್ನರಿಗೆ ಗೋಪುರದ ಚರ್ಚು, ಬೇರೆ ಪಂಗಡದವರಿಗೆ ಇನ್ನೊಂದು. ಸತ್ತ ಮೇಲೂ ಪಂಕ್ತಿಭೇದ!

ಹಾಲ್ಬರ್ನ್ ಮೇಲುಸೇತುವೆ ಕಟ್ಟಿಸಿದ್ದೂ ಇದೇ ಹೇವುಡ್. ಅದಕ್ಕೆ ಅಡ್ಡ ಬಂದ ಸೇಂಟ್ ಆಂಡ್ರೂ ಚರ್ಚಿನ ಅಂಗಳ ಅಗೆಸಿ, ಸಾವಿರಾರು ಜನರ ಎಲುಬುಗಳನ್ನು ಇಲ್ಲಿಗೇ ಸಾಗಿಸಿದರು. ಹೂಳೋಕೆ ಇಷ್ಟೆಲ್ಲ ಏರ್ಪಾಡು ಮಾಡಿದವನು ತಾನು ಮಾತ್ರ 1894ರಲ್ಲಿ ಸುಡಿಸಿಕೊಂಡ. ಬೂದಿ ಹೆಬ್ಬಾಗಿಲ ಹತ್ತಿರದ ಪುಟ್ಟ ಗಾಥಿಕ್ ಮಂಟಪದಲ್ಲಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆ, ಆಸಾಮಿ ಇಷ್ಟವಾದ.

ನನಗೆ ಜಾಸ್ತಿ ಹಿಡಿಸಿದ್ದು ಒಂದು ಗೋರಿಕಲ್ಲು. ಮುಂದೆ ಹೊಚ್ಚಹೊಸ ಕರಿ ಅಕ್ಷರ. ಹಿಂದೆ ಹೋಗಿ ನೋಡಿದರೆ ಹಾವಸೆ ಹಿಡಿದ ವಿಕ್ಟೋರಿಯಾ ಕಾಲದ ಬರಹ. 75 ವರ್ಷ ದಾಟಿದ ಗೋರಿಗಳ ಮೇಲೆ ನೋಟಿಸ್ ಹಚ್ಚುತ್ತಾರೆ. ಮನೆಯವರು ಯಾರೂ ತಕರಾರು ತೆಗೆಯದಿದ್ದರೆ ಆ ಜಾಗ ಹೊಸಬರಿಗೆ, ಹಳೇ ಕಲ್ಲನ್ನೇ ತಿರುಗಿಸಿ ಹೊಸ ಹೆಸರು ಕೆತ್ತುತ್ತಾರೆ. ಇಲ್ಲಿ ಕೆಲವರಿಗೆ ಇದು ಸರಿ ಕಾಣುವುದಿಲ್ಲ. ನನಗೇನೋ ಇದರಲ್ಲಿ ತಪ್ಪು ಕಾಣಲಿಲ್ಲ. ಜಾಗವೂ ಉಳಿಯಿತು, ಹಳೇ ಕಲ್ಲೂ ಉಳಿಯಿತು, ಅಲ್ವಾ? ಇಬ್ಬರು ಅಪರಿಚಿತರು ಒಂದೇ ಕಲ್ಲಿಗೆ ಬೆನ್ನು ಕೊಟ್ಟು ಮಲಗಿರುತ್ತಾರೆ, ಅಷ್ಟೇ.