ಕೊಂದದ್ದು ಪುನರ್ಪುಳಿಯೋ, ಅದರ ಹುಳಿಯೋ?

ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆಯ ಬಿಎಸ್ಸಿ ಪ್ರಾಜೆಕ್ಟುಗಳಿಗೆ ಹಿತ್ತಲಲ್ಲೇ ಸಾಮಗ್ರಿ ಇದೆ: ಪೇರಳೆ ಎಲೆ, ಸಾಂಬ್ರಾಣಿ (ದೊಡ್ಡಪತ್ರೆ), ಪುನರ್ಪುಳಿ (ಕೋಕಂ) ಸಿಪ್ಪೆ. ಇವುಗಳ ಸಾರ ಬ್ಯಾಕ್ಟೀರಿಯಾ ಕೊಲ್ಲುತ್ತದೆಯೇ ಎಂದು ನೋಡಲು, ಬ್ಯಾಕ್ಟೀರಿಯಾ ಹರಡಿದ ಅಗಾರ್ ಎಂಬ ಜೆಲ್ಲಿಯಲ್ಲಿ ಸಣ್ಣ ಬಾವಿ ತೋಡಿ ಸಾರ ತುಂಬುತ್ತಾರೆ. ಎಡವಟ್ಟಾಗುವುದು ಆಮೇಲೆ, ಬಾವಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿವೃತ್ತ ಕಂಡ ಕೂಡಲೇ "ಔಷಧೀಯ ಗುಣ ಸಾಬೀತು" ಎಂದು ಬರೆದುಬಿಟ್ಟಾಗ.

ಆಟಿ ತಿಂಗಳ ಮಳೆಯಲ್ಲಿ ನೆರಳಲ್ಲಿ ಎಲೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಬೂಷ್ಟು ತಾನೇ ಬ್ಯಾಕ್ಟೀರಿಯಾ ಕೊಲ್ಲುವ ವಸ್ತು ಸ್ರವಿಸಬಲ್ಲದು. ಅಂಥ ಎಲೆ ಬೇಡ. 40 ಡಿಗ್ರಿ ಓವನ್‌ನಲ್ಲಿ ಕೈಯಲ್ಲಿ ಪುಡಿಯಾಗುವಷ್ಟು ಒಣಗಿಸಿ. 10 ಗ್ರಾಂ ಪುಡಿಗೆ 100 ಮಿಲಿ 70% ಎಥನಾಲ್, 24 ಗಂಟೆ ಆಗಾಗ ಕುಲುಕುತ್ತಾ ಇಟ್ಟು ಸೋಸಿ, ಸಾರವನ್ನು 40 ಡಿಗ್ರಿಯೊಳಗೇ ಒಣಗಿಸಿ. ಸಾಂಬ್ರಾಣಿಗೆ ಈ ದಾರಿ ಆಗದು. ಅದರ ಕಾರ್ವಕ್ರಾಲ್, ಥೈಮಾಲ್ ಆವಿಯಾಗುವ ಎಣ್ಣೆಗಳು, ಒಣಗಿಸುವಾಗಲೇ ಒಂದಷ್ಟು ಹಾರಿಹೋಗಿರುತ್ತವೆ. ಹಸಿ ಎಲೆಯಿಂದ ಎಣ್ಣೆ ಬಟ್ಟಿ ಇಳಿಸುವುದೇ ಸರಿ.

ಇಂಥ ಪರೀಕ್ಷೆಗೆ ಬಳಸುವ ಮುಲ್ಲರ್-ಹಿಂಟನ್ ಅಗಾರ್ 4 ಮಿಮೀ ದಪ್ಪವಿರಲಿ. 90 ಮಿಮೀ ತಟ್ಟೆಗೆ ಸುಮಾರು 25 ಮಿಲಿ. ತೆಳುವಾದರೆ ವೃತ್ತ ಸುಮ್ಮನೆ ದೊಡ್ಡದಾಗುತ್ತದೆ. ಬ್ಯಾಕ್ಟೀರಿಯಾ ದ್ರಾವಣ ಮ್ಯಾಕ್‌ಫರ್ಲೆಂಡ್ ಎಂಬ ಅಳತೆಗೋಲಿನ 0.5ರ ಕದಡಿಗೆ ಹೊಂದಬೇಕು, ಅಂದರೆ ಮಿಲಿಗೆ ಸುಮಾರು 15 ಕೋಟಿ ಕೋಶ. ಕದಡು ಕಡಿಮೆಯಾದರೂ ಅದೇ ಮೋಸ.

ಇನ್ನು ಪುನರ್ಪುಳಿ. ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೇ ವೃತ್ತ ಬರಬಹುದು, ನಿಂಬೆರಸಕ್ಕೂ ಬರುತ್ತದೆ! ಹಾಗಾಗಿ ಸಾರದ ಒಂದು ಪಾಲನ್ನು ಸೋಡಿಯಂ ಹೈಡ್ರಾಕ್ಸೈಡ್ ಹನಿಸಿ ಪಿಎಚ್ 7ಕ್ಕೆ ತನ್ನಿ (ಕೆಂಪು ಬಣ್ಣ ಕೆಡುತ್ತದೆ, ಗಾಬರಿ ಬೇಡ). ಮೂರು ಬಾವಿ ತೋಡಿ: ಮೂಲ ಸಾರ, ಹುಳಿ ತೆಗೆದ ಸಾರ, ಮೂಲದಷ್ಟೇ ಪಿಎಚ್‌ನ ಸಿಟ್ರಿಕ್ ಆಮ್ಲ. ನಡುವಿನದಕ್ಕೆ ವೃತ್ತವಿಲ್ಲದಿದ್ದರೆ ನೀವು ಅಳೆದದ್ದು ಬರೀ ಹುಳಿ. ಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದರೆ ಬರೀ ಡಿಎಂಎಸ್‌ಒದ್ದೂ ಒಂದು ಬಾವಿ ಬೇಕು.

ಸಾರದ ವೃತ್ತವನ್ನು ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್‌ನ ಬಿಲ್ಲೆಯ ವೃತ್ತಕ್ಕೆ ಹೋಲಿಸುವುದಂತೂ ನಗು ತರಿಸುತ್ತದೆ. ಬಿಲ್ಲೆಯಲ್ಲಿರುವುದು 10 ಮೈಕ್ರೋಗ್ರಾಂ. ಮಿಲಿಗೆ 100 ಮಿಗ್ರಾಂ ಸಾರವನ್ನು 50 ಮೈಕ್ರೋಲೀಟರ್ ಹಾಕಿದರೆ ಬಾವಿಯಲ್ಲಿರುವುದು 5 ಮಿಗ್ರಾಂ, ಐನೂರು ಪಟ್ಟು. ಮೇಲಾಗಿ, ಅಗಾರ್‌ನಲ್ಲಿ ಸುಲಭವಾಗಿ ಹರಡದ ಜಿಡ್ಡಿನ ವಸ್ತು ಎಷ್ಟೇ ಪ್ರಬಲವಾಗಿದ್ದರೂ ಸಣ್ಣ ವೃತ್ತವನ್ನೇ ಕೊಡುತ್ತದೆ. ಹೋಲಿಸಲೇಬೇಕೆಂದರೆ ಸಾಲು ಗುಳಿಗಳ ದ್ರವ ಮಾಧ್ಯಮದಲ್ಲಿ ಸಾರವನ್ನು ಅರ್ಧರ್ಧ ತೆಳುಗೊಳಿಸುತ್ತ ಹೋಗಿ, ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ ಹುಡುಕಿ. ಪೇರಳೆ ಸಾರದ ಕಂದು ಬಣ್ಣದಲ್ಲಿ ಕದಡು ಕಾಣದು. ಪ್ರತಿ ಗುಳಿಯಿಂದ ಒಂದು ಹನಿ ಹೊಸ ಅಗಾರ್ ಮೇಲಿಟ್ಟು ಮರುದಿನ ನೋಡಿ. ಆದರೆ ಇದು ತೋರಿಸುವುದು ಬೆಳವಣಿಗೆ ನಿಲ್ಲಿಸುವ ಪ್ರಮಾಣವಲ್ಲ, ಕೊಲ್ಲುವ ಪ್ರಮಾಣ.

ಮುಗಿದ ತಟ್ಟೆಗಳನ್ನು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಬೇಯಿಸದೆ (ಆಟೋಕ್ಲೇವ್ ಮಾಡದೆ) ತೆಂಗಿನ ಬುಡಕ್ಕೆ ಎಸೆಯಬೇಡಿ.