ರೀಡಿಂಗ್ ಏರಿದಾಗ ಹೆದರಿದ್ವಿ, ಇಳಿದಾಗ ನೋಡ್ಲೇ ಇಲ್ಲ

ನನ್ನ ಕೆಲಸ ಹಳೇ ಕಟ್ಟಡಗಳಿಗೆ ಬಲ ಕೊಡೋದು. ಬೀಮ್‌ಗಳ ಅಡಿಗೆ ಕಾರ್ಬನ್ ಫೈಬರ್ ಪಟ್ಟಿ ಅಂಟಿಸ್ತೀವಿ, ಪಟ್ಟಿ ಜೊತೇಲೇ ಸೆನ್ಸರ್ ಕೂರಿಸ್ತೀವಿ, ಆಮೇಲೆ ಆ ಬೀಮ್ ಎಷ್ಟು ಎಳೆತ ತಗೋತಿದೆ ಅಂತ ಕಂಪ್ಯೂಟರ್‌ನಲ್ಲೇ ನೋಡ್ತಿರ್ತೀವಿ. ಹೀಗೆ ಎಳೆತ, ಬಿಸಿ, ಕರೆಂಟ್ ಇಂಥದ್ದಕ್ಕೆ ತಾನಾಗೇ ಸ್ಪಂದಿಸೋ ವಸ್ತುಗಳನ್ನ ಸ್ಮಾರ್ಟ್ ಮೆಟೀರಿಯಲ್ ಅಂತಾರೆ. ಈ ಫೀಲ್ಡ್‌ಗೆ ಹೊಸದಾಗಿ ಬರೋರಿಗೆ ನಾನು ಮೊದಲು ಹೇಳೋದು ಒಂದು ಟಾಪ್ ಫ್ಲೋರ್ ಬೀಮ್‌ನ ಕಥೆ.

ಟೆರೇಸ್ ಮೇಲೆ ಹೊಸದಾಗಿ ಭಾರದ ಯಂತ್ರಗಳನ್ನ ಇಡೋದಿತ್ತು, ಕೆಳಗಿನ ಬೀಮ್‌ಗೆ ಅಷ್ಟು ತಾಕತ್ತಿರ್ಲಿಲ್ಲ. ಪಟ್ಟಿ ಅಂಟಿಸಿ ಅದರ ಉದ್ದಕ್ಕೂ ಒಂದೇ ಗಾಜಿನ ಎಳೆಯಲ್ಲಿ ಆರು ಸೆನ್ಸರ್ ಹಾಕಿದ್ವಿ. ಇದಕ್ಕೆ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಅಂತಾರೆ, ಕೂದಲಿನಷ್ಟು ತೆಳು ಎಳೆ, ಒಳಗೆ ಬೆಳಕು ಬಿಟ್ರೆ ಪ್ರತಿ ಸೆನ್ಸರ್ ಒಂದೊಂದು ತರಂಗದ ಬೆಳಕನ್ನ ಮಾತ್ರ ವಾಪಸ್ ಕಳಿಸುತ್ತೆ, ಎಳೆ ಹಿಗ್ಗಿದ್ರೆ ಆ ತರಂಗ ಸ್ವಲ್ಪ ಸರಿಯುತ್ತೆ, ಎಷ್ಟು ಸರೀತು ಅಂತ ಅಳೆದ್ರೆ ಬೀಮ್ ಎಷ್ಟು ಹಿಗ್ಗಿತು ಅಂತ ಗೊತ್ತಾಗುತ್ತೆ. ಕರೆಂಟ್ ವೈರ್ ಇಲ್ಲ, ತುಕ್ಕು ಹಿಡಿಯಲ್ಲ, ನನಗೆ ಈಗಲೂ ತುಂಬ ಇಷ್ಟವಾದ ಸೆನ್ಸರ್ ಇದು.

ಯಂತ್ರಗಳು ಕೂತು ಸ್ವಲ್ಪ ದಿನ ಆಗಿತ್ತು. ಒಂದು ಮಧ್ಯಾಹ್ನ ಫೋನ್ ಬಂತು, ಸ್ಕ್ರೀನ್ ಕೆಂಪಾಗಿದೆ, ಬೆಳಗ್ಗೆಯಿಂದ 180 ಮೈಕ್ರೋಸ್ಟ್ರೇನ್ ಏರಿದೆ ಅಂತ. ಒಂದು ಮೈಕ್ರೋಸ್ಟ್ರೇನ್ ಅಂದ್ರೆ ಒಂದು ಮೀಟರ್ ಉದ್ದದ್ದು ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಹಿಗ್ಗೋದು, ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಎಳೆತಕ್ಕೆ ಸಿಕ್ಕಿದ ಕಾಂಕ್ರೀಟ್ 100ರಿಂದ 150ರ ಆಸುಪಾಸಲ್ಲೇ ಬಿರುಕು ಬಿಡುತ್ತೆ. ಹಾಗಾಗಿ 180 ಕೇಳಿದ ತಕ್ಷಣ ನಾನು ಆ ಫ್ಲೋರ್ ಖಾಲಿ ಮಾಡ್ಸಿದೆ. ಅದು ಸರಿಯಾದ ನಿರ್ಧಾರನೇ, ಅನುಮಾನ ಬಂದಾಗ ಮೊದಲು ಜನ ಹೊರಗೆ ಬರ್ಬೇಕು, ಅದರಲ್ಲಿ ಎರಡು ಮಾತಿಲ್ಲ.

ಸೈಟ್‌ಗೆ ಹೋದಾಗ ಮೇಸ್ತ್ರಿ ಏಣಿ ಹತ್ತಿ ಬೀಮ್ ನೋಡ್ತಿದ್ರು. ಬೀಮ್‌ನ ಪಕ್ಕದಲ್ಲಿ ಒಂದು ಹಳೇ ಬಿರುಕಿತ್ತು, ಅದನ್ನ ಎಪಾಕ್ಸಿ ಅನ್ನೋ ಗಟ್ಟಿ ಅಂಟು ತುಂಬಿ ಮುಚ್ಚಿದ್ಮೇಲೆ ಅವರು ಅದಕ್ಕೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿಟ್ಟಿದ್ರು. "ಸರ್, ಬಿರುಕು ಬಾಯಿ ಬಿಟ್ಟಿದ್ರೆ ಈ ಗಾಜು ಇಷ್ಟೊತ್ತಿಗೆ ಒಡೆದಿರ್ಬೇಕಿತ್ತಲ್ವಾ" ಅಂದ್ರು. ಗಾಜಿನ ಮೇಲೆ ಒಂದು ಗೆರೆನೂ ಇರ್ಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ರೀಡಿಂಗ್ ತಾನಾಗೇ ಇಳಿದು ಬೆಳಗಿನ ಮಟ್ಟಕ್ಕೆ ಬಂತು.

ತಪ್ಪು ನಂದು. ಈ ಸೆನ್ಸರ್‌ಗೆ ಎಳೆತನೂ ಒಂದೇ, ಬಿಸಿನೂ ಒಂದೇ. 1550 ನ್ಯಾನೋಮೀಟರ್ ಬೆಳಕಲ್ಲಿ ಒಂದು ಮೈಕ್ರೋಸ್ಟ್ರೇನ್‌ಗೆ ತರಂಗ ಸುಮಾರು 1.2 ಪಿಕೋಮೀಟರ್ (ಪಿಕೋಮೀಟರ್ ಅಂದ್ರೆ ನ್ಯಾನೋಮೀಟರ್‌ನ ಸಾವಿರದಲ್ಲೊಂದು ಪಾಲು) ಸರಿಯುತ್ತೆ, ಒಂದು ಡಿಗ್ರಿ ಬಿಸಿಗೆ ಸುಮಾರು 10 ಪಿಕೋಮೀಟರ್ ಸರಿಯುತ್ತೆ, ಅಂದ್ರೆ ಒಂದು ಡಿಗ್ರಿ ಏರಿದ್ರೆ 8 ಮೈಕ್ರೋಸ್ಟ್ರೇನ್ ಹಿಗ್ಗಿದ ಹಾಗೆ ಕಾಣುತ್ತೆ. ಅದರ ಮೇಲೆ ಕಾಂಕ್ರೀಟ್ ಕೂಡ ಡಿಗ್ರಿಗೆ ಸುಮಾರು 10 ಮೈಕ್ರೋಸ್ಟ್ರೇನ್ ನಿಜವಾಗಿಯೇ ಹಿಗ್ಗುತ್ತೆ, ಅದು ಭಾರದಿಂದ ಆದ ಎಳೆತ ಅಲ್ಲ. ಎರಡೂ ಸೇರಿ ಡಿಗ್ರಿಗೆ 18. ಬಿಸಿಲಿಗೆ ಸ್ಲ್ಯಾಬ್ ಕಾದು ಬೀಮ್ 10 ಡಿಗ್ರಿ ಏರಿದ್ರೆ 180, ಲೆಕ್ಕ ಕರೆಕ್ಟಾಗಿ ಕೂತ್ಕೊಳ್ತು. ಇದೆಲ್ಲ ನನಗೆ ಗೊತ್ತಿಲ್ದೇ ಇರೋದೇನಲ್ಲ, ಬಿಸಿ ಅಳೆಯೋಕೆ ಅಂತಲೇ ಏಳನೇ ಸೆನ್ಸರ್ ಕೂಡ ಹಾಕಿದ್ದೆ, ಆದ್ರೆ ಕೇಬಲ್ ಎಳೆಯೋದು ಸುಲಭ ಅಂತ ಅದನ್ನ ಸೆನ್ಸರ್‌ಗಳ ರೀಡಿಂಗ್ ತಗೊಳ್ಳೋ ಮೆಷಿನ್ ಇದ್ದ ಎಸಿ ರೂಮ್‌ನ ಕ್ಯಾಬಿನೆಟ್ ಒಳಗಿಟ್ಟಿದ್ದೆ. ಅಲ್ಲಿ ಹಗಲು ರಾತ್ರಿ ಒಂದೇ ತಂಪು. ಬೀಮ್ ಕಾಯ್ತಿದ್ರೂ ಸಾಫ್ಟ್‌ವೇರ್‌ಗೆ ಬಿಸಿನೇ ಏರಿಲ್ಲ ಅನ್ನೋ ಲೆಕ್ಕ.

ಮಾರನೇ ದಿನ ಆ ಸೆನ್ಸರನ್ನ ಒಂದು ಸಣ್ಣ ಸ್ಟೀಲ್ ಟ್ಯೂಬಲ್ಲಿ ಅಂಟು ಹಾಕ್ದೇ ಸಡಿಲವಾಗಿಟ್ಟು ಬೀಮ್‌ನ ಮೈಗೆ ಒತ್ತಿ ಕಟ್ಟಿದ್ವಿ. ಹಾಗಿಟ್ರೆ ಅದಕ್ಕೆ ಬಿಸಿ ಮಾತ್ರ ತಾಗುತ್ತೆ, ಎಳೆತ ತಾಗಲ್ಲ. ಎರಡೇ ದಿನಕ್ಕೆ ಗ್ರಾಫ್‌ನ ಮಧ್ಯಾಹ್ನದ ಗುಡ್ಡಗಳೆಲ್ಲ ಮಟ್ಟವಾದ್ವು.

ಗುಡ್ಡ ಹೋದ್ಮೇಲೆ ಅದರ ಹಿಂದೆ ಮುಚ್ಚಿಹೋಗಿದ್ದ ಇನ್ನೊಂದು ಸಂಗತಿ ಕಾಣಿಸ್ತು, ಈ ಪೋಸ್ಟ್ ಬರೀತಿರೋದೇ ಅದಕ್ಕೆ. ಹಳೇ ಡೇಟಾಗೂ ಹವಾಮಾನದ ಬಿಸಿ ಲೆಕ್ಕ ಹಿಡಿದು ಅಂದಾಜಿಗೆ ತಿದ್ದಿ ನೋಡಿದೆ. ಐದು ಸೆನ್ಸರ್ ನೆಟ್ಟಗಿದ್ವು. ಪಟ್ಟಿಯ ತುದಿಯಿಂದ ಎರಡಡಿ ಒಳಗಿದ್ದ ಆರನೇದು ಮಾತ್ರ ಯಂತ್ರ ಕೂತಾಗಿನಿಂದ ದಿನಾ ಚೂರು ಚೂರೇ ಇಳೀತಾ ಬಂದಿತ್ತು. ಇಳಿಯೋದು ಅಂದ್ರೆ ಎಲ್ರಿಗೂ ಸಮಾಧಾನ ಅಲ್ವಾ, ಅಲಾರಂ ಕೂಡ ಏರಿದ್ರೆ ಮಾತ್ರ ಹೊಡೀಬೇಕು ಅಂತ ಸೆಟ್ ಮಾಡಿದ್ವಿ. ಆದ್ರೆ ಮೇಲಿನ ಭಾರ ಒಂದು ಕೇಜಿನೂ ಕಮ್ಮಿ ಆಗಿಲ್ಲ, ಪಕ್ಕದ ಸೆನ್ಸರ್ ಇಳಿದಿಲ್ಲ, ಇದೊಂದೇ ಯಾಕೆ ಹಗುರಾಗ್ಬೇಕು?

ಮೇಸ್ತ್ರಿ ಒಂದು ನಾಣ್ಯ ತಗೊಂಡು ಪಟ್ಟಿ ಉದ್ದಕ್ಕೂ ತಟ್ತಾ ಹೋದ್ರು. ಟಕ್ ಟಕ್ ಅಂತ ಗಟ್ಟಿ ಸದ್ದು ಬರ್ತಾ ಇತ್ತು, ತುದಿ ಹತ್ರ ಬಂದಾಗ ಒಮ್ಮೆಲೇ ಟೊಳ್ಳು ಸದ್ದು. ಅಲ್ಲಿಂದ ತುದಿವರೆಗೆ ಮೂರು ಗೇಣು ಉದ್ದ ಪಟ್ಟಿ ಕಾಂಕ್ರೀಟನ್ನ ಬಿಟ್ಟಿತ್ತು. ಕಣ್ಣಿಗೆ ಏನೂ ಕಾಣಲ್ಲ, ಕೈಯಾಡಿಸಿದ್ರೂ ಗೊತ್ತಾಗಲ್ಲ. ಅಂಟು ಬಿಟ್ಟ ಪಟ್ಟಿಗೆ ಬೀಮ್‌ನ ಎಳೆತ ತಲುಪೋದೇ ಇಲ್ಲ, ಅದಕ್ಕೇ ರೀಡಿಂಗ್ ಇಳೀತಿತ್ತು.

ಪಟ್ಟಿಯ ಕಾರ್ಬನ್ ಸ್ಟೀಲ್ ಸರಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಎಳೆತ ತಡಿಯುತ್ತೆ, ಆದ್ರೆ ಅದು ಬೀಮ್‌ಗೆ ನೆರವಾಗೋದು ನಡುವಿರೋ ತೆಳು ಅಂಟಿನ ಪದರದ ಮೂಲಕ ಮಾತ್ರ. ಇನ್ನೊಂದು ಸ್ಮಾರ್ಟ್ ಮೆಟೀರಿಯಲ್ ಆದ ಪೀಜೋ ಪ್ಯಾಚ್ ಕೂಡ ಅಷ್ಟೇ, ಕರೆಂಟ್ ಕೊಟ್ರೆ ನಡುಗುತ್ತೆ, ಆ ನಡುಕ ಕಾಂಕ್ರೀಟ್ ಒಳಗೆ ಹೋಗೋದು ಅಂಟು ದಾಟಿಯೇ. ಇಟಲಿಯ ಅಸ್ಸಿಸಿಯಲ್ಲಿ 1997ರ ಭೂಕಂಪಕ್ಕೆ ಜಖಂ ಆದ ಸೇಂಟ್ ಫ್ರಾನ್ಸಿಸ್ ಬೆಸಿಲಿಕಾನ ರಿಪೇರಿ ಮಾಡಿದಾಗ ಗೋಡೆಗೂ ಛಾವಣಿಗೂ ನಡುವೆ ನಿಕಲ್ ಟೈಟೇನಿಯಂ ಮಿಶ್ರಲೋಹದ ಸಾಧನಗಳನ್ನ ಹಾಕಿದ್ರು, ಎಳೆದು ಬಿಟ್ರೆ ತನ್ನ ಆಕಾರಕ್ಕೆ ವಾಪಸ್ ಬರೋ ಲೋಹ ಅದು. ಅಲ್ಲೂ ಆ ಲೋಹ ಗೋಡೆಯನ್ನ ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದೆ ಅನ್ನೋದ್ರ ಮೇಲೇ ಎಲ್ಲ ನಿಂತಿರುತ್ತೆ.

ನಮ್ಮ ಪಟ್ಟಿ ಯಾಕೆ ಬಿಡ್ತು ಅಂತ ಕಿತ್ತು ನೋಡಿದ್ರೆ ಅಂಟಿನ ಬೆನ್ನಲ್ಲಿ ಬಿಳೀ ಪುಡಿ. ಗ್ರೈಂಡಿಂಗ್ ಮಾಡಿದ ಧೂಳನ್ನ ಆ ಮೂಲೆಯಲ್ಲಿ ವ್ಯಾಕ್ಯೂಮ್ ಮಾಡಿರ್ಲಿಲ್ಲ, ಅಂಟು ಹಿಡಿದದ್ದು ಧೂಳನ್ನ. ಅಂಟಿಸೋ ಮುಂಚೆ ಪುಲ್ ಆಫ್ ಟೆಸ್ಟ್ ಮಾಡಿದ್ವಿ, ಲೋಹದ ಡಿಸ್ಕ್ ಅಂಟಿಸಿ ಎಳೆಯೋದು, ಕನಿಷ್ಠ 1.4 ಮೆಗಾಪಾಸ್ಕಲ್, ಅಂದ್ರೆ ಚದರ ಸೆಂಟಿಮೀಟರ್‌ಗೆ ಸುಮಾರು 14 ಕೇಜಿ ಎಳೆತ ತಡೀಬೇಕು, ಮತ್ತೆ ಕೀಳೋದು ಕಾಂಕ್ರೀಟ್ ಆಗಿರ್ಬೇಕೇ ಹೊರತು ಅಂಟಲ್ಲ. ಟೆಸ್ಟ್ ಪಾಸಾಗಿತ್ತು. ಆದ್ರೆ ಮಾಡಿದ್ದು ಬೀಮ್‌ನ ನಡುಭಾಗದಲ್ಲಿ, ಏಣಿ ನಿಲ್ಲಿಸೋಕೆ ಜಾಗ ಚೆನ್ನಾಗಿದ್ದ ಕಡೆ. ಪಟ್ಟಿ ಬಿಡೋಕೆ ಶುರುವಾಗೋದು ಬಹಳ ಸಲ ತುದಿಯಿಂದ್ಲೇ.

ಯಂತ್ರಗಳನ್ನ ತಾತ್ಕಾಲಿಕವಾಗಿ ಇಳಿಸಿ, ಬೀಮ್‌ಗೆ ಕೆಳಗಿಂದ ಜಾಕ್ ಕೊಟ್ಟು, ಬಿಟ್ಟ ಭಾಗ ಕತ್ತರಿಸಿ ತೆಗೆದ್ವಿ. ಜಲ್ಲಿ ಕಾಣೋವರೆಗೆ ಗ್ರೈಂಡ್ ಮಾಡಿ, ವ್ಯಾಕ್ಯೂಮ್ ಮಾಡಿ, ನಾನೇ ಏಣಿ ಹತ್ತಿ ಬಿಳೀ ಬಟ್ಟೆಯಲ್ಲಿ ಒರೆಸಿ ನೋಡಿದೆ, ಮೂರನೇ ಸಲಕ್ಕೆ ಬಟ್ಟೆ ಬೆಳ್ಳಗೇ ಬಂತು. ಟೆಸ್ಟ್ ಈ ಸಲ ಆ ತುದಿಯಲ್ಲೇ ಮಾಡಿದ್ವಿ, ಕಿತ್ತು ಬಂದ ಡಿಸ್ಕ್ ಬೆನ್ನಿಗೆ ಜಲ್ಲಿ ಚೂರಿನ ಸಮೇತ ಕಾಂಕ್ರೀಟ್ ಅಂಟಿತ್ತು. ಹೊಸ ಪಟ್ಟಿ ಓವರ್‌ಲ್ಯಾಪ್ ಕೊಟ್ಟು ಅಂಟಿಸಿ, ತುದಿಗೆ ಯು ಆಕಾರದಲ್ಲಿ ಕಾರ್ಬನ್ ಬಟ್ಟೆ ಸುತ್ತಿದ್ವಿ. ಅಲಾರಂ ಈಗ ಏರಿದ್ರೂ ಹೊಡಿಯುತ್ತೆ, ಪಕ್ಕದ ಸೆನ್ಸರ್‌ಗಿಂತ ಇಳಿದ್ರೂ ಹೊಡಿಯುತ್ತೆ. ಮೇಸ್ತ್ರಿಯ ಗಾಜಿನ ಪಟ್ಟಿಯನ್ನ ಮಾತ್ರ ಹಾಗೇ ಬಿಟ್ಟಿದೀವಿ.